ಸೈನ್ಯದ ಲಾರಿ ಬರಲಿಲ್ಲ, ಸಾಗಣೆ ದುಡ್ಡು ಮಾತ್ರ ಹೋಯ್ತು!

ಬಿ.ಜಿ. ಕೆರೆ: ಬಳ್ಳಾರಿ-ಚಳ್ಳಕೆರೆ ರಸ್ತೆಯಲ್ಲಿ ಹಗಲು ರಾತ್ರಿ ಎನ್ನದೆ ಲಾರಿ ಓಡುತ್ತವೆ. ಆದರೆ ಇಲ್ಲಿಗೆ ಸಮೀಪದ ಹಳ್ಳಿಯ ಯುವಕನೊಬ್ಬ ಎರಡು ದಿನ ರಸ್ತೆ ಬದಿ ಕಾದು ಕೂತ ಲಾರಿ ಮಾತ್ರ ಬರಲಿಲ್ಲ. ಬರುವುದಾದರೂ ಹೇಗೆ? ಆ ಲಾರಿ ಎಲ್ಲಿಂದಲೂ ಹೊರಟೇ ಇರಲಿಲ್ಲ. ಅದರಲ್ಲಿ ಬರಬೇಕಿದ್ದ ಮೋಟಾರ್ ಬೈಕೂ ಇರಲಿಲ್ಲ. ಇದ್ದದ್ದು ಒಂದೇ, ಶೇಂಗಾ ಮಾರಿ ಬ್ಯಾಂಕಿನಲ್ಲಿಟ್ಟಿದ್ದ ದುಡ್ಡು. ಅದರಲ್ಲಿ 19,000 ರೂಪಾಯಿ ಮೂರು ಕಂತಿನಲ್ಲಿ ಹಾರಿಹೋಗಿದೆ.

ಹೆಸರು ಬರೆಯಬೇಡಿ ಅಂತ ಆತ ಕೈ ಮುಗಿದ. "ಊರಲ್ಲಿ ನಗ್ತಾರಣ್ಣ, ಹುಡುಗಿ ನೋಡೋ ಹೊತ್ತಲ್ಲಿ ಇದೊಂದು ಬೇರೆ" ಅಂದ. ಬರೆಯುವುದಿಲ್ಲ. ಆದರೆ ಈ ಕಥೆಯನ್ನು ಮುಚ್ಚಿಡುವುದರಿಂದ ಲಾಭ ಆಗುವುದು ಕಳ್ಳನಿಗೇ ಹೊರತು ಊರಿಗಲ್ಲ.

"ಜೈ ಹಿಂದ್, ಭಾಯ್ ಸಾಬ್!"

ಹಳೇ ಸಾಮಾನು ಮಾರುವ ಮೊಬೈಲ್ ಸಂತೆಯೊಂದರಲ್ಲಿ ಆತ ಬೈಕಿನ ಫೋಟೋ ನೋಡಿದ. ಹೊಸದರಂತೆ ಹೊಳೆಯುವ ಗಾಡಿ, ಬೆಲೆ ಬರೀ 28,000. ಫೋನು ಮಾಡಿದರೆ ಆ ಕಡೆಯಿಂದ ಹಿಂದಿಯಲ್ಲಿ ಗಂಭೀರ ದನಿ. ತಾನು ಸೈನ್ಯದಲ್ಲಿದ್ದೇನೆ, ವರ್ಗ ಆಗಿದೆ, ಗಾಡಿ ಒಯ್ಯಲು ಆಗುವುದಿಲ್ಲ, ಅದಕ್ಕೇ ಕಡಿಮೆಗೆ ಕೊಡುತ್ತಿದ್ದೇನೆ. ಜೊತೆಗೆ ವಾಟ್ಸಾಪಿನಲ್ಲಿ ಸಮವಸ್ತ್ರದ ಫೋಟೋ, ಗುರುತಿನ ಚೀಟಿ, ಆಧಾರ್ ಕಾರ್ಡು. ಇಷ್ಟಾದ ಮೇಲೆ ನಂಬದೆ ಇರುವವರು ಯಾರು? ಯೋಧ ಅಂದರೆ ನಮ್ಮ ಹಳ್ಳಿಗಳಲ್ಲಿ ದೇವರ ಸಮಾನ.

ಮೊದಲು 2,100 ರೂಪಾಯಿ "ಸಾಗಣೆ ಖರ್ಚು". ಸೈನ್ಯದ ಲಾರಿಯಲ್ಲೇ ಬರುತ್ತದೆ, ಗಾಡಿ ಕೈ ಸೇರಿದ ಮೇಲೆ ಉಳಿದದ್ದು ಕೊಡಿ ಎಂಬ ಮಾತು. ಮರುದಿನ ಮೊಹರು ಹಾಕಿದ ರಶೀದಿಯ ಫೋಟೋ ಬಂತು. ಹಿಂದೆಯೇ 6,500 "ವಿಮೆ", ಗಾಡಿ ತಲುಪಿದ ಕೂಡಲೆ ವಾಪಸ್ ಎಂಬ ಭರವಸೆ. ಆಮೇಲೆ 10,400 "ಗೇಟ್ ಪಾಸು, ತೆರಿಗೆ". ಲಾರಿ ಹಿರಿಯೂರಿಗೆ ಬಂದಿದೆ, ಇನ್ನು 12,000 ಹಾಕಿದರೆ ಮುಂದಕ್ಕೆ ಬಿಡುತ್ತಾರೆ ಎಂದಾಗ ಹುಡುಗನಿಗೆ ಎಚ್ಚರವಾಯಿತು. ಅಷ್ಟರಲ್ಲಿ ಆ ಕಡೆಯ ಫೋನು ಬಂದ್!

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಎರಡನೆಯ, ಮೂರನೆಯ ಕಂತು ಕಟ್ಟಿಸಿದ್ದು ಗಾಡಿಯ ಆಸೆಯಲ್ಲ, ಮೊದಲು ಹೋದ ದುಡ್ಡು ಮುಳುಗೀತೆಂಬ ಭಯ. ಕಳ್ಳನಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಮೊದಲ ಕಂತನ್ನು ಸಣ್ಣದಾಗಿ ಇಡುತ್ತಾನೆ.

ಸೈನ್ಯದ ಅಂಚೆ ವ್ಯವಸ್ಥೆ ಇರುವುದು ಯೋಧರ ಕಾಗದ-ಪಾರ್ಸೆಲ್ಲಿಗೆ, ಮಾರಿದ ಬೈಕನ್ನು ಕೊಂಡವರ ಮನೆಗೆ ಮುಟ್ಟಿಸಲಿಕ್ಕಲ್ಲ. ಅದೂ ಅಲ್ಲದೆ ಬೇರೆ ರಾಜ್ಯದ ಗಾಡಿ ಇಲ್ಲಿ ನಮ್ಮ ಹೆಸರಿಗೆ ಆಗಬೇಕಾದರೆ ಅಲ್ಲಿನ ಆರ್‌ಟಿಒ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು. ಆ ಪತ್ರ ಕೇಳಿದ್ದರೆ ಯೋಧನ ಬಣ್ಣ ಮೊದಲ ದಿನವೇ ಬಯಲಾಗುತ್ತಿತ್ತು.

ಅಂದು ಇಟ್ಟಿಗೆ, ಇಂದು ಬರೀ ಗಾಳಿ

ಈ ವಿದ್ಯೆ ಹೊಸದೇನಲ್ಲ. "ಚಿತ್ರ ಗುರುತಿಸಿ, ಟ್ರಾನ್ಸಿಸ್ಟರ್ ಗೆಲ್ಲಿ" ಎಂಬ ಜಾಹೀರಾತುಗಳನ್ನು ಊರಿನ ಹಿರಿಯರು ಮರೆತಿಲ್ಲ. ಉತ್ತರ ಬರೆದವರೆಲ್ಲರಿಗೂ ಬಹುಮಾನ! ಅಂಚೆ ಖರ್ಚು ಕಟ್ಟಿದರೆ ಸಾಕು. ವಿ.ಪಿ. ಪಾರ್ಸೆಲ್ ಬಿಡಿಸಿಕೊಂಡು ಒಡೆದು ನೋಡಿದರೆ ಒಳಗೆ ಇಟ್ಟಿಗೆ ಚೂರು, ಇಲ್ಲವೆ ರದ್ದಿ ಕಾಗದ. ಅಂದಿನ ಕಳ್ಳ ಇಟ್ಟಿಗೆಯನ್ನಾದರೂ ಕಳಿಸುತ್ತಿದ್ದ. ಪಾರ್ಸೆಲ್ಲಿನ ಮೇಲೆ ಅಂಚೆ ಮೊಹರಾದರೂ ಇರುತ್ತಿತ್ತು. ಇಂದಿನವನು ಅದನ್ನೂ ಕಳಿಸುವುದಿಲ್ಲ.

ಹೆಜ್ಜೆ ಹಿಡಿದು ಹೋದರೆ

ಹಾಗಾದರೆ ಕಳ್ಳನನ್ನು ಹಿಡಿಯಲು ಆಗುವುದೇ ಇಲ್ಲವೆ? ಆಗುತ್ತದೆ. ಆದರೆ ನಾವು ಅಂದುಕೊಂಡ ದಾರಿಯಲ್ಲಿ ಅಲ್ಲ.

ನಮ್ಮ ಹುಡುಗ ಮೊದಲು ಮಾಡಿದ್ದು ನಂಬರಿಗೆ ಹೆಸರು ತೋರಿಸುವ ಆಪ್ ನೋಡಿದ್ದು. ಅಲ್ಲಿಯೂ "ಆರ್ಮಿ" ಅಂತಲೇ ಬಂತು. ಅಂಥ ಆಪ್‌ಗಳಲ್ಲಿ ಕಾಣುವುದು ಜನ ತಮ್ಮ ಫೋನಿನಲ್ಲಿ ಬರೆದುಕೊಂಡ ಹೆಸರು, ಇಲ್ಲವೆ ಅವನೇ ಇಟ್ಟುಕೊಂಡ ಹೆಸರು. ಅದು ಸಾಕ್ಷಿಯಲ್ಲ. ಎರಡನೆಯದಾಗಿ, ಆ ಸಮವಸ್ತ್ರದ ಫೋಟೋವನ್ನು "ಇವನೇ ಕಳ್ಳ" ಎಂದು ಸ್ಟೇಟಸ್ಸಿಗೆ ಹಾಕಲು ಹೊರಟಿದ್ದ. ಗೆಳೆಯರು ತಡೆದದ್ದು ಒಳ್ಳೆಯದಾಯಿತು. ಇಂಥ ಮೋಸಗಳಲ್ಲಿ ಬಳಸುವ ಗುರುತಿನ ಚೀಟಿ ಎಷ್ಟೋ ಸಲ ಯಾವನೋ ನಿಜವಾದ ಯೋಧನದು, ಕದ್ದದ್ದು. ಗಡಿಯಲ್ಲಿ ನಿಂತಿರುವ ಆ ಪುಣ್ಯಾತ್ಮನಿಗೆ ತನ್ನ ಮುಖ ಬಿ.ಜಿ. ಕೆರೆಯ ಮೊಬೈಲಿನಲ್ಲಿ ತಿರುಗುತ್ತಿದೆ ಎಂಬ ಸುಳಿವೂ ಇರುವುದಿಲ್ಲ. ಮೋಸ ಹೋದವನು ಒಬ್ಬ, ಮಾನ ಹೋಗುವುದು ಇನ್ನೊಬ್ಬನದು.

ಪೊಲೀಸರು ಹಿಡಿಯುವ ದಾರಿ ಬೇರೆ. ಪ್ರತಿ ಯುಪಿಐ ಪಾವತಿಗೂ 12 ಅಂಕಿಯ ಒಂದು ನಂಬರು ಇರುತ್ತದೆ. ಅದನ್ನು ಹಿಡಿದು ಹೋದರೆ ದುಡ್ಡು ಯಾವ ಬ್ಯಾಂಕಿನ ಯಾವ ಖಾತೆಗೆ ಬಿತ್ತು, ಅಲ್ಲಿಂದ ಎಲ್ಲಿಗೆ ಹಾರಿತು, ಯಾವ ಎಟಿಎಂನಲ್ಲಿ ಬಿಡಿಸಲಾಯಿತು ಎಂಬುದು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಇನ್ನೊಂದು ದಾರಿ ಫೋನಿನದು. ಸಿಮ್ ಯಾರ ಹೆಸರಿನಲ್ಲಾದರೂ ಇರಲಿ, ಹ್ಯಾಂಡ್‌ಸೆಟ್ಟಿಗೆ ಐಎಂಇಐ ಎಂಬ ಅದರದ್ದೇ ನಂಬರುಂಟು. ಕಳ್ಳ ದಿನಕ್ಕೊಂದು ಸಿಮ್ ಬದಲಿಸಿದರೂ ಹ್ಯಾಂಡ್‌ಸೆಟ್ ಅದೇ ಆದರೆ ನೂರಾರು ಊರಿನ ದೂರುಗಳು ಒಂದೇ ದಾರಕ್ಕೆ ಪೋಣಿಸಿಕೊಳ್ಳುತ್ತವೆ. ಟವರು ಅವನಿರುವ ಊರನ್ನು ಹೇಳುತ್ತದೆ. ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಕೇಂದ್ರದ "ಪ್ರತಿಬಿಂಬ" ವ್ಯವಸ್ಥೆ ಇಂಥ ನಂಬರುಗಳನ್ನು ನಕ್ಷೆಯ ಮೇಲೆ ತೋರಿಸುತ್ತದೆ.

ಇದು ಬಾಯಿ ಮಾತಲ್ಲ. ಯೋಧನ ವೇಷದ ವಂಚನೆಗೆ ರಾಜಸ್ಥಾನದ ಭರತ್‌ಪುರ, ಹರಿಯಾಣದ ನೂಹ್ ಸುತ್ತಿನ ಮೇವಾತ್ ಸೀಮೆ ಕುಖ್ಯಾತ. 2023ರ ಏಪ್ರಿಲ್ ಕೊನೆಯಲ್ಲಿ ಹರಿಯಾಣದ ಸುಮಾರು 5,000 ಪೊಲೀಸರು ಒಂದೇ ರಾತ್ರಿ ನೂಹ್ ಜಿಲ್ಲೆಯ 14 ಹಳ್ಳಿಗಳಿಗೆ ನುಗ್ಗಿದರು. 66 ಮಂದಿಯನ್ನು ಬಂಧಿಸಿದರು. ಸಿಕ್ಕಿದ ಫೋನು, ಸಿಮ್, ಖಾತೆಗಳನ್ನು ತಾಳೆ ನೋಡಿದಾಗ ದೇಶದ ಉದ್ದಗಲದ ಸುಮಾರು 28,000 ಪ್ರಕರಣ, ನೂರು ಕೋಟಿ ರೂಪಾಯಿಯಷ್ಟು ವಂಚನೆ ಅದಕ್ಕೆ ತಗುಲಿಕೊಂಡಿತು. ಲೆಕ್ಕ ಹಾಕಿ ನೋಡಿ, ಒಂದೊಂದು ಪ್ರಕರಣಕ್ಕೆ ಸರಾಸರಿ ಮೂವತ್ತೈದು, ಮೂವತ್ತಾರು ಸಾವಿರ ಅಷ್ಟೆ. ಅಂದರೆ ಅಲ್ಲಿ ಕೋಟಿಗಟ್ಟಲೆ ಆದದ್ದು ನಮ್ಮಂಥವರ ಚಿಲ್ಲರೆ ದುಡ್ಡೇ. "ಹತ್ತೊಂಬತ್ತು ಸಾವಿರಕ್ಕೆ ಯಾರು ದೂರು ಕೊಡ್ತಾರೆ" ಎಂದು ಆ ಜನ ಸುಮ್ಮನೆ ಕೂತಿದ್ದರೆ ತಾಳೆ ನೋಡಲು ಪೊಲೀಸರ ಕೈಯಲ್ಲಿ ಏನಿರುತ್ತಿತ್ತು?

ಖಾತೆಯೂ ಬಾಡಿಗೆಗೆ!

ದುಡ್ಡು ಬಿದ್ದ ಖಾತೆ ಕಳ್ಳನದೇ ಆಗಿರುವುದು ಅಪರೂಪ. ಯಾವನೋ ಕೂಲಿಯವನ, ವಿದ್ಯಾರ್ಥಿಯ ಪಾಸ್‌ಬುಕ್ಕು, ಎಟಿಎಂ ಕಾರ್ಡನ್ನು ಎರಡು ಮೂರು ಸಾವಿರಕ್ಕೆ ಕೊಂಡಿರುತ್ತಾರೆ. 2025ರ ಜೂನ್‌ನಲ್ಲಿ ಸಿಬಿಐ ಐದು ರಾಜ್ಯಗಳಲ್ಲಿ ಶೋಧ ನಡೆಸಿದಾಗ ಹೇಳಿದ ಲೆಕ್ಕ ಕೇಳಿದರೆ ಗಾಬರಿಯಾಗುತ್ತದೆ. ದೇಶದ 700ಕ್ಕೂ ಹೆಚ್ಚು ಬ್ಯಾಂಕ್ ಶಾಖೆಗಳಲ್ಲಿ ಸುಮಾರು 8.5 ಲಕ್ಷ ಇಂಥ ಖಾತೆಗಳು! ನಮ್ಮ ಹುಡುಗರೂ ಇದನ್ನು ನೆನಪಿಡಬೇಕು. "ಖಾತೆ ಕೊಡು, ತಿಂಗಳಿಗಿಷ್ಟು ಕೊಡ್ತೀವಿ" ಎಂದವನ ಹಿಂದೆ ಹೋದರೆ ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವನ ಮನೆಗೆ.

ಕೊಳ್ಳುವವರಷ್ಟೇ ಅಲ್ಲ, ಮಾರುವವರೂ ಜೋಕೆ. ಮೊಳಕಾಲ್ಮುರಿನ ರೇಷ್ಮೆ ಸೀರೆ ಈಗ ವಾಟ್ಸಾಪಿನಲ್ಲೂ ಮಾರಾಟವಾಗುತ್ತದೆ. "ಹತ್ತು ಸೀರೆ ಬೇಕು, ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಚಿತ್ರ ಒತ್ತಿ ಪಿನ್ ಹಾಕಿ" ಅನ್ನುವ ಗಿರಾಕಿ ಬಂದರೆ ಆತ ಗಿರಾಕಿಯಲ್ಲ. ದುಡ್ಡು ಬರಬೇಕಾದರೆ ಪಿನ್ ಬೇಕಿಲ್ಲ. ಪಿನ್ ಹಾಕಿದಿರಿ ಅಂದರೆ ದುಡ್ಡು ಹೋಯಿತು ಅಂತಲೇ ಅರ್ಥ.

ಮೊದಲ ಗಂಟೆಯೇ ಮುಖ್ಯ

ಮೋಸ ಗೊತ್ತಾದ ಕೂಡಲೆ 1930 ನಂಬರಿಗೆ ಫೋನು ಮಾಡಬೇಕು. ಪಾವತಿಯ ನಂಬರು, ಮೊತ್ತ, ಹೊತ್ತು ಹೇಳಿದರೆ ಸಂದೇಶ ನೇರವಾಗಿ ಬ್ಯಾಂಕಿಗೆ ಹೋಗುತ್ತದೆ. ದುಡ್ಡು ಖಾತೆಯಲ್ಲಿ ಇನ್ನೂ ಇದ್ದರೆ ಅಲ್ಲೇ ತಡೆ ಬೀಳುತ್ತದೆ. ಮುಂದಕ್ಕೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ಸಂದೇಶ ಓಡುತ್ತದೆ. ಇದೊಂದು ಓಟದ ಪಂದ್ಯ. ನಮ್ಮ ಹುಡುಗ ಓಟ ಶುರು ಮಾಡಿದ್ದು ಮೂರನೆಯ ದಿನ, ನಾಚಿಕೆಯಿಂದ. ಅಷ್ಟೊತ್ತಿಗೆ ಖಾತೆ ಖಾಲಿ. ತಡೆಹಿಡಿದ ದುಡ್ಡಾದರೆ ನ್ಯಾಯಾಲಯದ ಆದೇಶದ ಮೂಲಕ ವಾಪಸ್ ಪಡೆಯಲು ದಾರಿಯುಂಟು, ಖಾಲಿಯಾದ ಖಾತೆಯಿಂದ ಏನು ಸಿಕ್ಕೀತು?

ಚಾಟು, ರಶೀದಿಯ ಫೋಟೋ, ನಂಬರು ಯಾವುದನ್ನೂ ಸಿಟ್ಟಿನಲ್ಲಿ ಅಳಿಸಬಾರದು. "ಕಳೆದ ದುಡ್ಡು ತೆಗೆಸಿಕೊಡ್ತೀವಿ, ಫೀಜು ಕಟ್ಟಿ" ಎಂದು ಬರುವವರನ್ನು ನಂಬಬಾರದು. ಅವರು ಅದೇ ಬಳ್ಳಿಯ ಇನ್ನೊಂದು ಕಾಯಿ.

ಠಾಣೆಯವರಿಗೂ ಒಂದು ಮಾತು

ಈ ಯುವಕ ಮೊದಲು ಹೋದ ಠಾಣೆಯಲ್ಲಿ ಸಿಕ್ಕ ಉತ್ತರ: "ಇದು ಇಲ್ಲಿ ಆಗಲ್ಲಪ್ಪ, ದುರ್ಗಕ್ಕೆ ಹೋಗು." ಚಳ್ಳಕೆರೆಗೆ ಒಂದು ಬಸ್ಸು, ಅಲ್ಲಿಂದ ದುರ್ಗಕ್ಕೆ ಇನ್ನೊಂದು. ಒಂದು ದಿನದ ಕೂಲಿಯೂ ಹೋಯಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ತನಿಖೆಯನ್ನು ಇನ್ಸ್‌ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ ಎಂಬುದು ನಿಜ. ಆದರೆ ದೂರು ತಗೊಳ್ಳಬೇಡಿ ಅಂತ ಯಾರೂ ಹೇಳಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು, ಅಪರಾಧ ಎಲ್ಲೇ ನಡೆದಿರಲಿ, ದೂರು ಕೊಡಬಹುದು ಅನ್ನುತ್ತದೆ.

ದೇಶದ ಮೊಟ್ಟಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಆದದ್ದು ನಮ್ಮ ಬೆಂಗಳೂರಿನಲ್ಲೇ. ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ ಇಂಥ ವಂಚನೆಯಲ್ಲಿ ಜನ ಕಳಕೊಂಡದ್ದು 2023ರಲ್ಲಿ 7,465 ಕೋಟಿ, 2024ರಲ್ಲಿ 22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು! ಕಳ್ಳ ಹಳ್ಳಿಯ ಕಿಸೆಗೆ ಕೈ ಹಾಕಿಯಾಗಿದೆ. ಕಾನೂನು ಮಾತ್ರ ಇನ್ನೂ ಜಿಲ್ಲಾ ಕೇಂದ್ರದ ಬಸ್ ಹತ್ತು ಎನ್ನುತ್ತಿದೆ.

ಪ್ರತಿ ಠಾಣೆಯಲ್ಲಿ ಒಬ್ಬ ಸಿಬ್ಬಂದಿಯಾದರೂ ಬಂದವನನ್ನು ಕೂರಿಸಿ, ಅವನ ಎದುರೇ 1930ಕ್ಕೆ ಫೋನು ಹಚ್ಚಿಕೊಟ್ಟರೆ ಸಾಕು. ಖರ್ಚು ಸೊನ್ನೆ. ಉಳಿಯುವುದು ಒಬ್ಬ ರೈತನ ಒಂದು ಬೆಳೆಯ ದುಡ್ಡು. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು ಇತ್ತ ಗಮನ ಹರಿಸುವರೆ?