ದನಿಯೊಬ್ಬಳದು, ತುಟಿಯೊಬ್ಬಳದು
ಪುತ್ತೂರಿನ ಕೆಲವು ವಿದ್ಯಾರ್ಥಿಗಳು ತಮ್ಮ ಹಾಡಿನ ಚಿತ್ರೀಕರಣಕ್ಕೆಂದು ಕಡಬದ ಬಳಿ ಕುಮಾರಧಾರೆಯ ದಡಕ್ಕೆ ನನ್ನನ್ನೂ ಕರೆದೊಯ್ದಿದ್ದರು. ಧ್ವನಿಮುದ್ರಣ ಮೊದಲೇ ಮುಗಿದಿತ್ತು. ಈಗ ಅದನ್ನು ಮೊಳಗಿಸಿ, ಅದಕ್ಕೆ ಸರಿಯಾಗಿ ತುಟಿಯಾಡಿಸಬೇಕು. ಒಂದೇ ಚರಣವನ್ನು ಹೊಳೆಯಲ್ಲೊಮ್ಮೆ, ಕಂಗಿನ ತೋಟದಲ್ಲೊಮ್ಮೆ ತೆಗೆದು, ತಾಳದ ಪೆಟ್ಟಿಗೆ ಕತ್ತರಿಸಿ ಜೋಡಿಸುವುದು ಈ ಪ್ರಕಾರದ ರೂಢಿಯಂತೆ.

ಪುತ್ತೂರಿನಲ್ಲಿ ಬಾಳಿದ ಶಿವರಾಮ ಕಾರಂತರು 1930ರ ಸುಮಾರಿಗೆ ತೆಗೆದ ಮೂಕಚಿತ್ರದಲ್ಲಿ ತುಟಿಯಿತ್ತು, ದನಿಯಿರಲಿಲ್ಲ. ಇಲ್ಲಿಯೋ, ಹಾಡಿದವಳು ಸುಳ್ಯದ ಹುಡುಗಿ. ತುಟಿಯಾಡಿಸಲು ನಿಂತವಳು ‘ಕ್ಯಾಮರಾಕ್ಕೆ ಒಪ್ಪುವ’ ಬೇರೊಬ್ಬಳು. ಅದೂ ರೂಢಿಯೇ! ಆದರೆ ಅವಳ ಉಸಿರು ಹಾಡಿನ ಉಸಿರಿಗೆ ಕೂಡಲಿಲ್ಲ, ಕೊರಳ ನರ ಬಿಗಿಯಲಿಲ್ಲ. ಏಳು ಸಲ ತೆಗೆದರೂ ಸುಳ್ಳು ಎದ್ದು ಕಾಣುತ್ತಿತ್ತು. ಕೊನೆಗೆ ಅವಳೇ, “ನೀನೇ ಬಾ ಮಾರಾಯ್ತಿ” ಎಂದು ಕೂಗಿದಳು.

ಅಷ್ಟು ಹೊತ್ತೂ ಎಲ್ಲರ ಚಪ್ಪಲಿ ಕಾಯುತ್ತಿದ್ದ ಗಾಯಕಿ ಎದ್ದು, ಮುಖ ಒರೆಸಿಕೊಂಡು, ನೀರಿಗಿಳಿದಳು.