ಲ್ಯಾಪ್‌ಟಾಪ್ ಕೊಳ್ಳುವವರಿಗೆ ಎಷ್ಟು ಮೆಮೊರಿ, ಎಷ್ಟು ಸಂಗ್ರಹ ಬೇಕು?

ಥಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿಮುಂಬಯಿ ನಗರಗಳಲ್ಲಿ ಲ್ಯಾಪ್‌ಟಾಪ್ ಗಣಕವು ಈಗ ಮಧ್ಯಮ ವರ್ಗದ ಕುಟುಂಬಗಳ ಅವಶ್ಯಕ ವಸ್ತುಗಳಲ್ಲೊಂದಾಗಿದೆ. ಐರೋಲಿ ಮತ್ತು ಮಹಾಪೆಯ ಮಾಹಿತಿ ತಂತ್ರಜ್ಞಾನ ಕಚೇರಿಗಳ ನೌಕರರು, ಎಂಜಿನಿಯರಿಂಗ್ ಹಾಗೂ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು, ಮನೆಯಲ್ಲಿಯೇ ಕುಳಿತು ಸಣ್ಣ ಅಂಗಡಿಗಳ ಲೆಕ್ಕಪತ್ರ ಬರೆಯುವವರು, ಇವರೆಲ್ಲರೂ ಅದನ್ನು ಅವಲಂಬಿಸಿದ್ದಾರೆ. ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಬಂದು ಇಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳೂ ಇದಕ್ಕೆ ಹೊರತಲ್ಲ. ಅನೇಕ ಕುಟುಂಬಗಳಿಗೆ ಇದು ಐದಾರು ವರ್ಷಗಳಿಗೊಮ್ಮೆ, ಅದೂ ಮಾಸಿಕ ಕಂತಿನ ಮೇಲೆ ಮಾಡುವ ಖರೀದಿಯಾಗಿರುತ್ತದೆ. ಹೀಗಿದ್ದರೂ ಯಂತ್ರದ ಮೇಲೆ ಅಂಟಿಸಿದ ಚೀಟಿಯಲ್ಲಿನ ‘16 ಜಿಬಿ, 512 ಜಿಬಿ’ ಎಂಬ ಎರಡು ಸಂಖ್ಯೆಗಳ ಅರ್ಥವನ್ನು ವಿಚಾರಿಸದೆಯೇ ಹಣ ತೆರುವವರು ಕಡಿಮೆಯೇನಲ್ಲ. ಇವೆರಡರಲ್ಲಿ ಒಂದನ್ನು ಮುಂದೆ ಹೆಚ್ಚಿಸಿಕೊಳ್ಳಬಹುದು, ಇನ್ನೊಂದನ್ನು ಅನೇಕ ಯಂತ್ರಗಳಲ್ಲಿ ಎಂದಿಗೂ ಹೆಚ್ಚಿಸಲಾಗದು ಎಂಬ ಸಂಗತಿ ಖರೀದಿಗೆ ಮುಂಚೆಯೇ ತಿಳಿದಿರಬೇಕು.

ಮೊದಲ ಸಂಖ್ಯೆ ಮೆಮೊರಿಯದು, ಅಂದರೆ ರ‍್ಯಾಮ್ ಎಂದು ಕರೆಯಲಾಗುವ ತಾತ್ಕಾಲಿಕ ಸ್ಮೃತಿಯದು. ಎರಡನೆಯದು ಕಡತಗಳು ಶಾಶ್ವತವಾಗಿ ಉಳಿಯುವ ಸಂಗ್ರಹದ್ದು. ಸರ್ಕಾರಿ ಕಚೇರಿಯೊಂದರ ಗುಮಾಸ್ತನ ಮೇಜನ್ನು ಮೆಮೊರಿಗೂ ಅದೇ ಕಚೇರಿಯ ದಫ್ತರ ಕೋಣೆಯನ್ನು ಸಂಗ್ರಹಕ್ಕೂ ಹೋಲಿಸಬಹುದು. ಕೋಣೆಯಲ್ಲಿ ಸಾವಿರ ಕಡತಗಳಿದ್ದರೂ ಒಂದು ವೇಳೆಗೆ ಮೇಜಿನ ಮೇಲೆ ಬಿಚ್ಚಿಡಬಹುದಾದ ಕಡತಗಳು ಕೆಲವೇ. ಮೇಜು ತುಂಬಿದರೆ ಒಂದನ್ನು ಕೋಣೆಗೆ ಹಿಂದಿರುಗಿಸಿ ಇನ್ನೊಂದನ್ನು ತರಬೇಕಾಗುತ್ತದೆ. ಮೆಮೊರಿ ಸಾಲದಾದಾಗ ಗಣಕವು ಮಾಡುವುದೂ ಇದನ್ನೇ. ಹಲವು ಕೆಲಸಗಳನ್ನು ಒಟ್ಟಿಗೆ ತೆರೆದಾಗ ಯಂತ್ರ ತಡವರಿಸುವುದಕ್ಕೆ ಇದೊಂದು ಮುಖ್ಯ ಕಾರಣ. ವಿದ್ಯುತ್ ನಿಂತೊಡನೆ ಮೆಮೊರಿಯಲ್ಲಿದ್ದುದೆಲ್ಲವೂ ಅಳಿಸಿಹೋಗುತ್ತದೆ, ಸಂಗ್ರಹದಲ್ಲಿದ್ದುದು ಉಳಿಯುತ್ತದೆ.

ಮೆಮೊರಿಯ ಅಗತ್ಯ

ವಿಂಡೋಸ್ 95 ತಂತ್ರಾಂಶವು 1995ರ ಆಗಸ್ಟ್ 24ರಂದು ಬಿಡುಗಡೆಯಾದಾಗ ಅದಕ್ಕೆ ಕನಿಷ್ಠ 4 ಎಂಬಿ ಮೆಮೊರಿ ಸಾಕಾಗಿತ್ತು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ನಿಗದಿಪಡಿಸಿರುವ ಕನಿಷ್ಠ ಪ್ರಮಾಣ 4 ಜಿಬಿ, ಅಂದರೆ ಸರಿಸುಮಾರು ಸಾವಿರ ಪಟ್ಟು. ಆದರೆ ಇಂತಹ ‘ಕನಿಷ್ಠ’ವು ಯಂತ್ರ ಚಾಲೂ ಆಗುವುದಕ್ಕೆ ಸಾಕಾಗುವ ಪ್ರಮಾಣವೇ ಹೊರತು ನೆಮ್ಮದಿಯಿಂದ ಕೆಲಸ ಮಾಡುವುದಕ್ಕೆ ಸಾಕಾಗುವ ಪ್ರಮಾಣವಲ್ಲ. 4 ಜಿಬಿಯ ಹೊಸ ಯಂತ್ರವನ್ನು, ಅದು ಎಷ್ಟೇ ಅಗ್ಗವಾಗಿರಲಿ, ಕೊಳ್ಳದಿರುವುದೇ ಲೇಸು.

ಪತ್ರ ಬರೆಯುವುದು, ಬ್ಯಾಂಕ್ ವ್ಯವಹಾರ, ರೈಲ್ವೆ ಟಿಕೆಟ್ ಕಾದಿರಿಸುವುದು, ಊರಿನಲ್ಲಿರುವ ಬಂಧುಗಳೊಡನೆ ವಿಡಿಯೊ ಕರೆ, ಇಷ್ಟೇ ಬಳಕೆಯಾಗಿದ್ದಲ್ಲಿ 8 ಜಿಬಿ ಸಾಕು. ಆದರೆ ವಿಡಿಯೊ ಸಭೆ ನಡೆಯುತ್ತಿರುವಾಗಲೇ ಬ್ರೌಸರಿನಲ್ಲಿ ಇಪ್ಪತ್ತು ಪುಟಗಳು, ಜೊತೆಗೆ ದೊಡ್ಡ ಎಕ್ಸೆಲ್ ಕಡತ ಹಾಗೂ ಲೆಕ್ಕಪತ್ರದ ತಂತ್ರಾಂಶ ತೆರೆದಿರುವವರಿಗೆ 8 ಜಿಬಿ ಬೇಗನೆ ಇಕ್ಕಟ್ಟಾಗುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇಲ್ಲದ ಸಾಮಾನ್ಯ ಲ್ಯಾಪ್‌ಟಾಪುಗಳು ಪರದೆಯ ಚಿತ್ರಗಳಿಗಾಗಿ ಇದೇ ಮೆಮೊರಿಯಿಂದ ಒಂದು ಪಾಲನ್ನು ತೆಗೆದುಕೊಳ್ಳುವುದರಿಂದ 8 ಜಿಬಿ ಪೂರ್ತಿಯಾಗಿ ಬಳಕೆದಾರನಿಗೆ ದೊರೆಯುವುದೂ ಇಲ್ಲ. ಕಾಲೇಜು ವಿದ್ಯಾರ್ಥಿಗಳು ಹಾಗೂ ಮನೆಯಿಂದ ಕಚೇರಿ ಕೆಲಸ ಮಾಡುವವರು ಐದು ವರ್ಷಗಳ ಬಳಕೆಯನ್ನು ಗಮನದಲ್ಲಿರಿಸಿಕೊಂಡು 16 ಜಿಬಿಯನ್ನು ಆರಿಸಿಕೊಳ್ಳುವುದು ಯುಕ್ತ. 4ಕೆ ವಿಡಿಯೊ ಸಂಕಲನ ಮಾಡುವವರಿಗೆ, ಒಂದು ಗಣಕದೊಳಗೆ ಇನ್ನೊಂದು ಗಣಕವನ್ನು ನಡೆಸುವ ತಂತ್ರಾಂಶ ವೃತ್ತಿಯವರಿಗೆ 32 ಜಿಬಿ ಬೇಕಾಗಬಹುದು. ಉಳಿದವರ ಪಾಲಿಗೆ ಅದು ವ್ಯರ್ಥ ವೆಚ್ಚ.

ಈ ವೆಚ್ಚ ಈಗ ಅಲ್ಪವೇನಲ್ಲ. ಕೃತಕ ಬುದ್ಧಿಮತ್ತೆಗಾಗಿ ಸ್ಥಾಪಿಸಲಾಗುತ್ತಿರುವ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ದತ್ತಾಂಶ ಕೇಂದ್ರಗಳ ಬೃಹತ್ ಕಟ್ಟಡಗಳನ್ನು ನೋಡಬಯಸುವವರು ದೂರ ಹೋಗಬೇಕಾಗಿಲ್ಲ. ಐರೋಲಿ, ರಬಾಳೆ, ಮಹಾಪೆಯ ಕೈಗಾರಿಕಾ ವಲಯದಲ್ಲಿಯೇ ಅವು ಎದ್ದಿವೆ.

ತೆಳುವಾದ ಯಂತ್ರದ ತೊಡಕು

ಕಲ್ಯಾಣ ಅಥವಾ ಡೊಂಬಿವಲಿಯಿಂದ ಬೆಳಗಿನ ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಥಾಣೆಗೆ ಬಂದು, ಅಲ್ಲಿ ಇಳಿದು ಐರೋಲಿ, ಘಣಸೋಲಿಯ ಕಡೆಗೆ ಹೋಗುವ ಟ್ರಾನ್ಸ್‌ಹಾರ್ಬರ್ ಗಾಡಿಯನ್ನು ಹಿಡಿಯುವ ಪ್ರಯಾಣಿಕನು ಹಗುರವಾದ ಯಂತ್ರವನ್ನೇ ಬಯಸುವುದು ಸಹಜ. ಎದೆಗೆ ಚೀಲ ಅವಚಿಕೊಂಡು ನಿಲ್ಲಬೇಕಾದವನಿಗೆ ಅರ್ಧ ಕಿಲೋ ತೂಕವೂ ಹೊರೆಯೇ. ಆದರೆ ಯಂತ್ರವನ್ನು ತೆಳುವಾಗಿಸುವ ಸಲುವಾಗಿ ತಯಾರಕರು ಮೆಮೊರಿ ಚಿಪ್‌ಗಳನ್ನು ಮುಖ್ಯ ಫಲಕಕ್ಕೆ ನೇರವಾಗಿ ಬೆಸೆದುಬಿಡುವುದು ಈಗ ವಾಡಿಕೆಯಾಗಿದೆ. ಎಲ್‌ಪಿಡಿಡಿಆರ್ ಎಂಬ ಹೆಸರಿನಿಂದ ಆರಂಭವಾಗುವ ಮೆಮೊರಿ ಸಾಮಾನ್ಯವಾಗಿ ಈ ಬಗೆಯದು. ಆಪಲ್ ಸಂಸ್ಥೆಯು 2020ರಿಂದ ತನ್ನದೇ ಚಿಪ್ ಬಳಸಿ ತಯಾರಿಸುತ್ತಿರುವ ಮ್ಯಾಕ್‌ಬುಕ್‌ಗಳಲ್ಲಿಯೂ ಮೆಮೊರಿಯನ್ನು ಹೆಚ್ಚಿಸಲು ಬರುವುದಿಲ್ಲ. ಇಂತಹ ಯಂತ್ರವನ್ನು 8 ಜಿಬಿಯೊಡನೆ ಕೊಂಡವರು ಅದರ ಆಯುಷ್ಯ ಮುಗಿಯುವವರೆಗೂ 8 ಜಿಬಿಯಲ್ಲಿಯೇ ಇರಬೇಕು.

ತುಸು ದಪ್ಪನಾದ ಯಂತ್ರಗಳಲ್ಲಿ ಮೆಮೊರಿ ಪಟ್ಟಿಯನ್ನು ಸಿಕ್ಕಿಸುವ ಸ್ಲಾಟ್ ಇರುತ್ತದೆ. ಅಲ್ಲಿ ಈಗ 8 ಜಿಬಿ ಕೊಂಡು, ಮುಂದೆ ಅಗತ್ಯವೆನಿಸಿದಾಗ ಇನ್ನೊಂದು 8 ಜಿಬಿ ಸೇರಿಸಬಹುದು. ಡಿಡಿಆರ್4 ಪಟ್ಟಿಯು ಡಿಡಿಆರ್5 ಸ್ಲಾಟಿನಲ್ಲಿ ಕೂರುವುದಿಲ್ಲವಾದ್ದರಿಂದ ಯಾವುದೆಂದು ತಿಳಿದೇ ಕೊಳ್ಳಬೇಕು. ಆದುದರಿಂದ ಗ್ರಾಹಕನು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಮೆಮೊರಿ ಎಷ್ಟಿದೆ ಎಂಬುದಲ್ಲ, ಸ್ಲಾಟ್ ಇದೆಯೇ, ಇದ್ದರೆ ಖಾಲಿ ಇದೆಯೇ ಎಂಬುದು. ಮಾರಾಟಗಾರನಿಗೆ ಖಚಿತವಾಗಿ ತಿಳಿಯದಿದ್ದಲ್ಲಿ ಪ್ರದರ್ಶನಕ್ಕಿರಿಸಿದ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ‘ಮೆಮೊರಿ’ಯನ್ನು ತೆರೆಯಬಹುದು. ‘ಸ್ಲಾಟ್ಸ್ ಯೂಸ್ಡ್’ ಎಂಬುದರ ಮುಂದೆ ಎರಡರಲ್ಲಿ ಒಂದು ಎಂದಿದ್ದರೆ ಇನ್ನೊಂದಕ್ಕೆ ಸ್ಥಳವಿದೆಯೆಂದು ಸಾಮಾನ್ಯವಾಗಿ ತಿಳಿಯಬಹುದು. ಅಲ್ಲಿಯೇ ‘ರೋ ಆಫ್ ಚಿಪ್ಸ್’ ಎಂದು ಕಂಡರೆ ಮೆಮೊರಿ ಬೆಸೆದದ್ದು. ಬೆಸೆದ ಮೆಮೊರಿಯೇ ಆದಲ್ಲಿ ಮೊದಲೇ 16 ಜಿಬಿಗೆ ಹಣ ಕೊಡಬೇಕು. ಅದಕ್ಕಾಗಿ ಅಗತ್ಯಬಿದ್ದರೆ ಸಂಗ್ರಹದಲ್ಲಿ ಮಿತವ್ಯಯ ಮಾಡಬಹುದು.

ಸಂಗ್ರಹದ ಲೆಕ್ಕ

ಸಂಗ್ರಹದಲ್ಲಿ ಮಿತವ್ಯಯ ಸಾಧ್ಯವೇಕೆಂದರೆ, ಅದನ್ನು ಹೊರಗಿನಿಂದಲೂ ಸೇರಿಸಬಹುದು. ಯುಎಸ್‌ಬಿ ಮೂಲಕ ಜೋಡಿಸುವ ಪ್ರತ್ಯೇಕ ಡಿಸ್ಕ್ ಎಲ್ಲೆಡೆ ದೊರೆಯುತ್ತದೆ. ಬಹಳಷ್ಟು ವಿಂಡೋಸ್ ಯಂತ್ರಗಳಲ್ಲಿ ಒಳಗಿನ ಎಸ್‌ಎಸ್‌ಡಿಯನ್ನೇ ತೆಗೆದು ದೊಡ್ಡದನ್ನು ಹಾಕಿಸಬಹುದು.

ತಯಾರಕರು 1 ಜಿಬಿಯನ್ನು ನೂರು ಕೋಟಿ ಬೈಟ್‌ಗಳೆಂದು ಎಣಿಸುತ್ತಾರೆ. ವಿಂಡೋಸ್ 1024ರ ಗುಣಕದಲ್ಲಿ ಎಣಿಸುತ್ತದೆ. ಈ ಕಾರಣದಿಂದ 512 ಜಿಬಿಯ ಡಿಸ್ಕ್ ಪರದೆಯ ಮೇಲೆ ಸುಮಾರು 476 ಎಂದೂ, 256 ಜಿಬಿಯದು ಸುಮಾರು 238 ಎಂದೂ ಕಾಣುತ್ತದೆ. ಇದು ವಂಚನೆಯಲ್ಲ. ವಿಂಡೋಸ್ ಮತ್ತು ಇತರ ತಂತ್ರಾಂಶಗಳು ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿಯುವುದು ಇನ್ನೂ ಕಡಿಮೆ.

ಕನ್ನಡ ಬರವಣಿಗೆಗೆ ಹೆಚ್ಚು ಸ್ಥಳ ಬೇಕೆಂಬ ಮಾತು ನಿಜವಾದರೂ ಅದರಿಂದ ಚಿಂತೆಗೆ ಕಾರಣವಿಲ್ಲ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಅಕ್ಷರಕ್ಕೆ 1 ಬೈಟ್ ಸಾಕಾದರೆ ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್ ಬೇಕು. ಮೂರು ಸಂಕೇತಗಳಿಂದಾಗುವ ‘ಕ್ಷ’ಕ್ಕೆ 9 ಬೈಟ್. ಆದರೂ ಪುಟಕ್ಕೆ 1500 ಸಂಕೇತಗಳಂತೆ 300 ಪುಟಗಳ ಪುಸ್ತಕದ ಪಠ್ಯ ಒಂದೂವರೆ ಎಂಬಿಯನ್ನು ಮುಟ್ಟುವುದಿಲ್ಲ. ಅಂತಹ ಸಾವಿರ ಪುಸ್ತಕಗಳು ಒಂದೂವರೆ ಜಿಬಿಯೊಳಗೆ ಅಡಗುತ್ತವೆ. ಸ್ಥಳವನ್ನು ನುಂಗುವುದು ವಿಡಿಯೊ. ಮೊಬೈಲಿನಲ್ಲಿ ತೆಗೆದ ಸಾಮಾನ್ಯ ಎಚ್‌ಡಿ ವಿಡಿಯೊ ನಿಮಿಷಕ್ಕೆ ಸುಮಾರು 60ರಿಂದ 130 ಎಂಬಿ ಬೇಡುತ್ತದೆ. ಮೂರು ಗಂಟೆಗಳ ಗೃಹಪ್ರವೇಶದ ಚಿತ್ರೀಕರಣಕ್ಕೆ 11ರಿಂದ 23 ಜಿಬಿ.

ಹೀಗಾಗಿ ಕೇವಲ ಕಾಗದಪತ್ರಗಳ ಕೆಲಸಕ್ಕೆ 256 ಜಿಬಿ ನಡೆದೀತು. ಚಿತ್ರ, ವಿಡಿಯೊಗಳನ್ನೂ ಇರಿಸಿಕೊಳ್ಳುವ ಕುಟುಂಬಕ್ಕೆ 512 ಜಿಬಿ ಸೂಕ್ತ. ಪರಿಮಾಣಕ್ಕಿಂತ ಬಗೆ ಮುಖ್ಯ. ಎಸ್‌ಎಸ್‌ಡಿಯನ್ನೇ ಕೇಳಿ ಪಡೆಯಬೇಕು. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಈಗ ಪ್ರತಿಗಳನ್ನು ಇರಿಸಲು ಮಾತ್ರ ಯೋಗ್ಯ, ಮತ್ತು ಅತಿ ಅಗ್ಗದ ಯಂತ್ರಗಳಲ್ಲಿರುವ ಇಎಂಎಂಸಿ ಎಂಬುದು ಎಸ್‌ಎಸ್‌ಡಿಯಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ ಹಾರ್ಡ್ ಡಿಸ್ಕ್ ಇದ್ದರೆ ಅದರ ಸ್ಥಾನದಲ್ಲಿ ಎಸ್‌ಎಸ್‌ಡಿ ಹಾಕಿಸುವುದರಿಂದ, ಮೆಮೊರಿ ಹೆಚ್ಚಿಸುವುದಕ್ಕಿಂತಲೂ ಅಧಿಕ ಪ್ರಯೋಜನ ಕಂಡುಬರುವುದುಂಟು.

ಒಳಗಿನ ಡಿಸ್ಕ್ ಎಷ್ಟೇ ದೊಡ್ಡದಿರಲಿ, ಅದೊಂದನ್ನೇ ನಂಬುವಂತಿಲ್ಲ. 2005ರ ಜುಲೈ 26ರ ಮಹಾಮಳೆಯಲ್ಲಿ ಕಲ್ಯಾಣ ಮತ್ತು ಸುತ್ತಲಿನ ತಗ್ಗು ಪ್ರದೇಶಗಳ ಮನೆಗಳಿಗೆ ನೀರು ನುಗ್ಗಿದ್ದನ್ನು ಇಲ್ಲಿನವರು ಮರೆತಿಲ್ಲ. 1 ಟಿಬಿಯ ಯಂತ್ರಕ್ಕೆ ಹೆಚ್ಚು ಹಣ ಕೊಡುವುದರ ಬದಲು 512 ಜಿಬಿಯದನ್ನು ಕೊಂಡು, ಉಳಿದ ಹಣದಲ್ಲಿ ಹೊರಗಿನ ಡಿಸ್ಕೊಂದನ್ನು ಕೊಂಡು, ಪ್ರತಿಯನ್ನು ಬೇರೆ ಸ್ಥಳದಲ್ಲಿರಿಸುವುದು ಹೆಚ್ಚು ಕ್ಷೇಮಕರ. ಭಾರತ ಸರ್ಕಾರವು 2015ರಲ್ಲಿ ಆರಂಭಿಸಿದ ಡಿಜಿಲಾಕರ್ ಸೇವೆಯಲ್ಲಿ ಚಾಲನಾ ಪರವಾನಗಿ, ಅಂಕಪಟ್ಟಿ ಮೊದಲಾದ ದಾಖಲೆಗಳು ದೊರೆಯುವುದರಿಂದ ಅವುಗಳಿಗಾಗಿ ಡಿಸ್ಕನ್ನು ಅವಲಂಬಿಸಬೇಕಾಗಿಲ್ಲ. ಜಾಹೀರಾತಿನಲ್ಲಿ ‘ಕ್ಲೌಡ್ ಸಂಗ್ರಹ ಸೇರಿ’ ಎಂದಿದ್ದರೆ ಅದು ಎಷ್ಟು ತಿಂಗಳ ಮಟ್ಟಿಗೆ ಉಚಿತವೆಂದು ವಿಚಾರಿಸಬೇಕು.

ಮೆಮೊರಿಯ ಪರಿಮಾಣ, ಸಂಗ್ರಹದ ಬಗೆ ಮತ್ತು ಮಾದರಿ ಸಂಖ್ಯೆಯನ್ನು ರಸೀದಿಯಲ್ಲಿ ಬರೆಸಿಕೊಳ್ಳುವುದು ಅವಶ್ಯ. ಅಂಗಡಿಯಲ್ಲಿಯೇ ಯಂತ್ರವನ್ನು ಚಾಲೂ ಮಾಡಿಸಿ ಇವನ್ನು ತಾಳೆ ನೋಡಬೇಕು. ಹೇಳಿದ್ದೊಂದು ಕೊಟ್ಟಿದ್ದೊಂದು ಆಗಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೇ ದೂರು ನೀಡಬಹುದು. ಅಲ್ಲಿ ಇತ್ಯರ್ಥವಾಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದ ಮುಂದೆ ದೂರು ಸಲ್ಲಿಸಬಹುದು. ಯಂತ್ರವನ್ನು ಬೇರೆ ಊರಿನಿಂದ ತರಿಸಿಕೊಂಡಿದ್ದರೂ ಅಡ್ಡಿಯಿಲ್ಲ. ವಸ್ತುವಿಗೆ ತೆತ್ತ ಹಣ 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ವ್ಯಾಜ್ಯಕ್ಕೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು.