ಕಾಳಿಘಾಟ್‌ನ ಮಂದ ಬೆಳಕು ಮತ್ತು ಹೊಸಬರ ಕ್ಯಾಮೆರಾ

ಕೋಲ್ಕತ್ತದ ಕಾಳಿಘಾಟ್‌ನಲ್ಲಿ, ಕಾಳಿ ದೇವಾಲಯದ ಮಗ್ಗುಲಲ್ಲೇ, ಹಿಂದೆ ಯಾತ್ರಿಕರು ತಂಗುತ್ತಿದ್ದ ಧರ್ಮಶಾಲೆಯೊಂದಿದೆ. ನಗರಪಾಲಿಕೆ ಅದನ್ನು ಬಿಟ್ಟುಕೊಟ್ಟ ಮೇಲೆ 1952ರಲ್ಲಿ ಮದರ್ ತೆರೇಸಾ ಅಲ್ಲಿ ‘ನಿರ್ಮಲ ಹೃದಯ’ವನ್ನು ತೆರೆದರು. ಬೀದಿಯಲ್ಲಿ ಸಾಯುತ್ತಿದ್ದವರಿಗೆ ಕೊನೆಗಾಲದಲ್ಲಿ ಒಂದು ಹಾಸಿಗೆ, ಹಿಡಿದುಕೊಳ್ಳಲು ಒಂದು ಕೈ ಸಿಗುವ ಜಾಗ ಅದು.

1969ರಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರಕ್ಕಾಗಿ ಪತ್ರಕರ್ತ ಮಾಲ್ಕಮ್ ಮಗರಿಜ್ ಅಲ್ಲಿಗೆ ಹೋದರು. ಛಾಯಾಗ್ರಾಹಕ ಕೆನ್ ಮ್ಯಾಕ್‌ಮಿಲನ್ ಒಳಗೆ ಕಣ್ಣಾಡಿಸಿ, ಇಲ್ಲಿ ಚಿತ್ರ ಮೂಡುವುದಿಲ್ಲ ಎಂದರು. ಬೆಳಕು ಬರುತ್ತಿದ್ದುದು ಗೋಡೆಯ ಮೇಲ್ಭಾಗದ ಸಣ್ಣ ಕಿಟಕಿಗಳಿಂದ ಮಾತ್ರ. ತಂಡದ ಬಳಿ ಇದ್ದುದು ಒಂದೇ ಪುಟ್ಟ ದೀಪ. ಆದರೂ ಚಿತ್ರೀಕರಿಸಿದರು. ಇಂಗ್ಲೆಂಡಿಗೆ ಮರಳಿ ಫಿಲ್ಮ್ ಸಂಸ್ಕರಿಸಿ ನೋಡಿದರೆ ಒಳಗಿನ ದೃಶ್ಯಗಳೆಲ್ಲ ಸ್ಪಷ್ಟ. ಇದು ದೈವಿಕ ಬೆಳಕು ಎಂದು ಮಗರಿಜ್ ನಂಬಿದರು, 1971ರ ತಮ್ಮ ಪುಸ್ತಕದಲ್ಲೂ ಹಾಗೆಯೇ ಬರೆದರು. ಮ್ಯಾಕ್‌ಮಿಲನ್ ಹೇಳಿದ ಕಾರಣ ಬೇರೆ: ಹೊರಡುವ ಮುಂಚೆಯಷ್ಟೇ ಕೊಡಾಕ್‌ನ ಹೊಸ ಫಿಲ್ಮ್ ಬಿಬಿಸಿಗೆ ಬಂದಿತ್ತು, ಪರೀಕ್ಷಿಸಲು ಪುರುಸೊತ್ತಿರಲಿಲ್ಲ, ಅದನ್ನೇ ಅಲ್ಲಿ ಬಳಸಿದ್ದರು.

ನಾನು ಮ್ಯಾಕ್‌ಮಿಲನ್ ಮಾತನ್ನು ಒಪ್ಪುವವನು. ಮಂದ ಬೆಳಕನ್ನು ಹಿಡಿಯಬಲ್ಲ ವಸ್ತುವೊಂದನ್ನು ಮನುಷ್ಯರು ವರ್ಷಗಟ್ಟಲೆ ದುಡಿದು ಕಂಡುಕೊಂಡರಲ್ಲ, ಅದೂ ಗೌರವಕ್ಕೆ ಅರ್ಹವಾದ ಸಂಗತಿ. ಆ ದುಡಿಮೆ ಫಿಲ್ಮ್‌ಗೆ ನಿಲ್ಲಲಿಲ್ಲ.

ಅದೇ ಕೊಡಾಕ್‌ನಲ್ಲಿ 1975ರಲ್ಲಿ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರ್ ಫಿಲ್ಮ್ ಇಲ್ಲದ ಕ್ಯಾಮೆರಾ ಕಟ್ಟಿದರು. ಸುಮಾರು 3.6 ಕಿಲೊ ತೂಕ, 0.01 ಮೆಗಾಪಿಕ್ಸೆಲ್. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು. 1991ರಲ್ಲಿ ನಿಕಾನ್ ಎಫ್3 ಕ್ಯಾಮೆರಾಕ್ಕೆ 1.3 ಮೆಗಾಪಿಕ್ಸೆಲ್ ಸೆನ್ಸರ್ ಕೂಡಿಸಿ ಕೊಡಾಕ್ ಡಿಸಿಎಸ್ ಮಾರುಕಟ್ಟೆಗೆ ಬಂತು. ಚಿತ್ರಗಳನ್ನು ಉಳಿಸುವ ಪೆಟ್ಟಿಗೆಯನ್ನು ಹೆಗಲಿಗೆ ಪ್ರತ್ಯೇಕವಾಗಿ ನೇತುಹಾಕಿಕೊಳ್ಳಬೇಕಿತ್ತು. ಪತ್ರಿಕಾ ಸಂಸ್ಥೆಗಳಂಥವರಿಗೆ ಮಾತ್ರ ಎಟುಕುವ ಬೆಲೆ. ಸಾಮಾನ್ಯರ ಪಾಲಿಗೆ ಬಾಗಿಲು ತೆರೆದದ್ದು 2003ರ ಆಗಸ್ಟ್‌ನಲ್ಲಿ. 6.3 ಮೆಗಾಪಿಕ್ಸೆಲ್‌ನ ಕ್ಯಾನನ್ ಇಒಎಸ್ 300ಡಿ, 18–55 ಮಿ.ಮೀ. ಲೆನ್ಸ್ ಸಮೇತ ಸಾವಿರ ಡಾಲರಿನೊಳಗೆ ಬಂತು. 2006ರಲ್ಲಿ ನಿಕಾನ್ ಡಿ40 ಇನ್ನೂ ಅಗ್ಗವಾಗಿ, ಇನ್ನೂ ಹಗುರವಾಗಿ ಬಂತು. 2009ರ ಡಿ3000, ಗುಂಡಿಯನ್ನು ‘ಗೈಡ್’ಗೆ ತಿರುಗಿಸಿದರೆ ಯಾವ ಚಿತ್ರಕ್ಕೆ ಯಾವ ಹೊಂದಾಣಿಕೆ ಎಂದು ಪರದೆಯ ಮೇಲೆ ಹೇಳಿಕೊಡತೊಡಗಿತು. ಆ ಸಾಲಿನ ಕೊನೆಯದು 2018ರ ಡಿ3500.

ಇಂಥ ಕ್ಯಾಮೆರಾದ ಗುಣದೋಷ ಅಳೆಯಲು ಅಂಗಡಿಯ ಟ್ಯೂಬ್‌ಲೈಟ್ ಸಾಲದು. ಕಾಳಿಘಾಟ್‌ನ ಓಣಿಗಳನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ: ಕಿರಿದಾದ ದಾರಿ, ನೆರಳು, ಅಂಗಡಿಯ ಬಲ್ಬು, ಕೆಂಪು ದಾಸವಾಳದ ಹಾರಗಳು, ಪಟುವಾಪಾಡಾದಲ್ಲಿ ಮಣ್ಣಿನ ಮೂರ್ತಿ ತಿದ್ದುವ, ಒಂದು ಕ್ಷಣವೂ ನಿಲ್ಲದ ಕೈಗಳು. (ಗರ್ಭಗುಡಿಯಲ್ಲಿ ಕ್ಯಾಮೆರಾ ಸಲ್ಲದು. ನಿರ್ಮಲ ಹೃದಯದಲ್ಲಿ ಅನುಮತಿ ಇಲ್ಲದೆ ಅದನ್ನು ಚೀಲದಿಂದ ಹೊರತೆಗೆಯಲೇಬಾರದು.)

ಇಲ್ಲಿ ಡಿ3500ರ ದೊಡ್ಡ ಬಲ ಅದರ ಸೆನ್ಸರ್. ಡಿ40ರ ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 1600ಕ್ಕೆ, ವಿಸ್ತರಿಸಿದರೆ 3200ಕ್ಕೆ ಮುಗಿಯುತ್ತಿತ್ತು. ಡಿ3500ರಲ್ಲಿ 25600ರವರೆಗೆ ಇದೆ. 2007ರಲ್ಲಿ ವೃತ್ತಿಪರರ ಡಿ3 ವಿಸ್ತರಿಸಿದಾಗ ಮುಟ್ಟುತ್ತಿದ್ದ ಅಂಕಿ ಅದು. ಪೆಟ್ಟಿಗೆಯ ಮೇಲಿನ ಅಂಕಿಯನ್ನು ಪೂರ್ತಿ ನಂಬಬೇಡಿ. 6400 ದಾಟಿದರೆ ನೆರಳಿನ ಭಾಗದಲ್ಲಿ ಬಣ್ಣದ ಚುಕ್ಕೆಗಳು ಏಳುತ್ತವೆ. ಆದರೆ 3200ರಲ್ಲಿ ಪತ್ರಿಕೆಯಲ್ಲಿ ಅಚ್ಚುಹಾಕಬಹುದಾದ ಚಿತ್ರ ಸಿಗುತ್ತದೆ. 365 ಗ್ರಾಂ ಬಾಡಿ, ಒಂದು ಚಾರ್ಜಿಗೆ ಸುಮಾರು 1,550 ಚಿತ್ರ. ದುರ್ಗಾಪೂಜೆಯ ಇಡೀ ರಾತ್ರಿಗೆ ಒಂದೇ ಬ್ಯಾಟರಿ ಸಾಕು.

ದೌರ್ಬಲ್ಯ ಇರುವುದು ಪೆಟ್ಟಿಗೆಯಲ್ಲಿ ಜೊತೆಗೆ ಬರುವ ಕಿಟ್ ಲೆನ್ಸಿನಲ್ಲಿ. 55 ಮಿ.ಮೀ.ಗೆ ಎಳೆದಾಗ ಅದರ ಅಪರ್ಚರ್ ಎಫ್/5.6ಕ್ಕಿಂತ ಹೆಚ್ಚು ತೆರೆಯದು. ಎಫ್/1.8 ಲೆನ್ಸು ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಬಿಡುತ್ತದೆ. ಅಂದರೆ ಐಎಸ್‌ಒ 6400ರಲ್ಲಿ ತೆಗೆಯಬೇಕಾದ ಚಿತ್ರವನ್ನು 640ರಲ್ಲೇ ತೆಗೆಯಬಹುದು. ಕಿಟ್ ಲೆನ್ಸಿನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದೆಯಲ್ಲ ಎಂದು ಮಾರುವವರು ಹೇಳುತ್ತಾರೆ. ಅದು ನಿಮ್ಮ ಕೈ ನಡುಕಕ್ಕೆ ಮದ್ದು; ಮೂರ್ತಿ ತಿದ್ದುವವನ ಕೈ ಚಲಿಸಿದರೆ ಅದು ಮಸುಕಾಗಿಯೇ ಮೂಡುತ್ತದೆ.

ಹಾಗಾದರೆ ಯಾವ ಲೆನ್ಸು? 50 ಮಿ.ಮೀ. ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಈ ಕ್ಯಾಮೆರಾಗಳ ಸೆನ್ಸರ್ ಫಿಲ್ಮ್ ಚೌಕಟ್ಟಿಗಿಂತ ಚಿಕ್ಕದಾದ್ದರಿಂದ 50 ಎಂಬುದು ಹೆಚ್ಚುಕಡಿಮೆ 75ರಂತೆ ವರ್ತಿಸುತ್ತದೆ. ಕಿರಿದಾದ ಓಣಿಯಲ್ಲಿ ಬೆನ್ನು ಗೋಡೆಗೆ ತಾಗಿದರೂ ಇಡೀ ಅಂಗಡಿ ಚೌಕಟ್ಟಿಗೆ ಬಾರದು. ನನ್ನ ಆಯ್ಕೆ 35 ಮಿ.ಮೀ. ಎಫ್/1.8. ಇನ್ನೊಂದು ತೊಡಕು, ಹೊಸಬರು ಮೋಸಹೋಗುವುದು ಇಲ್ಲೇ: ಡಿ40ರಿಂದ ಡಿ3500ರವರೆಗಿನ ಈ ಅಗ್ಗದ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಮೋಟಾರ್ ಲೆನ್ಸಿನೊಳಗೇ ಇರಬೇಕು. ಹಳೆಯ ‘ಎಎಫ್-ಡಿ’ ಲೆನ್ಸು ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದರೆ ಫೋಕಸನ್ನು ಕೈಯಲ್ಲೇ ತಿರುಗಿಸುತ್ತಾ ಕೂರಬೇಕಾಗುತ್ತದೆ.

ದಾಸವಾಳದ ಹಾರ ಇನ್ನೊಂದು ಪರೀಕ್ಷೆ. ಸುತ್ತ ಕತ್ತಲಿದ್ದರೆ ಕ್ಯಾಮೆರಾ ಇಡೀ ದೃಶ್ಯವನ್ನು ಬೆಳಗಿಸಲು ಹೋಗಿ ಕೆಂಪನ್ನು ಅತಿಯಾಗಿಸುತ್ತದೆ. ಎಸಳುಗಳ ನೆರಿಗೆ ಅಳಿಸಿ ಹಾರ ಒಂದು ಕೆಂಪು ಮುದ್ದೆಯಾಗುತ್ತದೆ. ‘ಗೈಡ್’ ಇದನ್ನು ತಾನಾಗಿ ತಿದ್ದಿಕೊಡದು. ಪ್ಲಸ್-ಮೈನಸ್ ಗುಂಡಿ ಒತ್ತಿ ಒಂದು ಮೆಟ್ಟಿಲು ಇಳಿಸಬೇಕು. ಹೊಂದಾಣಿಕೆ ಬದಲಿಸುವ ಚಕ್ರ ಒಂದೇ ಇರುವುದರಿಂದ, ಮ್ಯಾನುಯಲ್ ಮೋಡ್‌ನಲ್ಲಿ ಅಪರ್ಚರ್ ಬದಲಿಸಲೂ ಅದೇ ಗುಂಡಿ ಅದುಮಿ ಹಿಡಿಯಬೇಕು. ಗುಂಪಿನ ನೂಕಾಟದಲ್ಲಿ ಇದು ನಿಜಕ್ಕೂ ಕಷ್ಟ. ಹಾಗಿದ್ದೂ ಕಲಿಯುವವರಿಗೆ ನಾನು ಇಂಥ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನೇ ಕೊಳ್ಳಿ ಎನ್ನುತ್ತೇನೆ. ವ್ಯೂಫೈಂಡರ್‌ನಲ್ಲಿ ಕಾಣುವುದು ಪರದೆಯ ಚಿತ್ರವಲ್ಲ, ಲೆನ್ಸಿನಿಂದ ಬಂದ ಬೆಳಕೇ. ಎಷ್ಟು ಕತ್ತಲಿದೆ ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಬೆಳಕನ್ನು ಓದಲು ಕಣ್ಣು ಆಗಲೇ ಪಳಗುವುದು.

ಒಳಗೆ ಕನ್ನಡಿ ಇಲ್ಲದ ‘ಮಿರರ್‌ಲೆಸ್’ ಕ್ಯಾಮೆರಾಗಳು ಬಂದ ಮೇಲೆ ಡಿ3500 ತಯಾರಿಕೆ ನಿಂತಿದೆ. ಈಗ ಸಿಗುವುದು ಬಹುಪಾಲು ಸೆಕೆಂಡ್‌ಹ್ಯಾಂಡ್. ಕೋಲ್ಕತ್ತವಿರಲಿ, ಮಂಗಳೂರು–ಕಾರವಾರವಿರಲಿ, ತೇವದ ಹವೆಯಲ್ಲಿ ಬೀರುವಿನೊಳಗೆ ಕುಳಿತ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಹಣ ಕೊಡುವ ಮುಂಚೆ ಲೆನ್ಸನ್ನು ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಯಿಸಿ ಗಾಜಿನೊಳಗೆ ಬಿಳಿ ಎಳೆಗಳಿವೆಯೇ ನೋಡಿ. ಇದ್ದರೆ ಬಾಡಿಯನ್ನಷ್ಟೇ ಕೊಂಡು, ಲೆನ್ಸನ್ನು ಅಲ್ಲೇ ಬಿಟ್ಟು ಬನ್ನಿ.